ಆ ಸಾಬರ ವಾರ್ಡು

ನಮ್ಮ ವಾರ್ಡಿನಲ್ಲಿ ಏನೂ ಆಗದ ದಿನ ಅಂತ ಒಂದು ಇರಲೇ ಇಲ್ಲ. ಸಂಜೆ ಮನೆಗೆ ಬಂದು ಶೇರ್ವಾನಿಯ ಗುಂಡಿ ಬಿಚ್ಚುವ ಮೊದಲೇ ನನ್ನ ಹೆಂಡತಿ ಅಡುಗೆಮನೆಯಿಂದ "ಇವತ್ತೇನಾತ್ರೀ?" ಎಂದು ಕೇಳುತ್ತಿದ್ದಳು. "ಏನಿಲ್ಲ" ಎಂದರೆ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು. ಅದಕ್ಕೆ ಹೆದರಿ ಎಲ್ಲವನ್ನೂ ಹೇಳುತ್ತಿದ್ದೆ. ಹಾಗೆ ಹೇಳಿ ಹೇಳಿಯೇ ಇವೆಲ್ಲ ಇಂದಿಗೂ ನೆನಪಿನಲ್ಲಿ ಉಳಿದಿವೆ.

ಅದು ನಿಜಾಮರ ಕಾಲ. ಸಮುದ್ರದಾಚೆಯ ದೊಡ್ಡ ಯುದ್ಧ ಮುಗಿದು ಫೌಜಿನವರು ಊರಿಗೆ ಮರಳಿದ್ದರು. ಕೆಲವರ ಗಾಯ ಕಣ್ಣಿಗೆ ಕಾಣುವಂಥದ್ದು, ಕೆಲವರದು ಕಾಣದಂಥದ್ದು. ಕಲಬುರಗಿಯಲ್ಲಿ ಅವರಿಗಾಗಿಯೇ ಇದ್ದ ದವಾಖಾನೆಯಲ್ಲಿ ನರರೋಗಗಳಿಗೆ ಬೇರೆ ವಿಭಾಗ ತೆಗೆದು, ಹೈದರಾಬಾದಿನಲ್ಲಿ ಓದಿ ಬಂದಿದ್ದ ನನ್ನನ್ನು ಅದರ ಮುಖ್ಯಸ್ಥನ ಕುರ್ಚಿಯಲ್ಲಿ ಕೂರಿಸಿದರು. ಬಾಗಿಲ ಮೇಲೆ ಉರ್ದುವಿನಲ್ಲಿ 'ಶೋಬಾ-ಎ-ಆಸಾಬ್' ಎಂಬ ಫಲಕ ಬಂತು. ಶೋಬಾ ಎಂದರೆ ವಿಭಾಗ, ಆಸಾಬ್ ಎಂದರೆ ನರಗಳು. ನಮ್ಮ ಚಪರಾಸಿಗೆ ಉರ್ದು ಓದಲು ಬರುತ್ತಿತ್ತು. ಬಂದವರಿಗೆಲ್ಲ ಅದನ್ನು ಗಟ್ಟಿಯಾಗಿ ಓದಿ ಹೇಳುವುದು ಅವನಿಗೆ ಭಾರಿ ಹೆಮ್ಮೆ. ಆದರೆ ಕನ್ನಡದ ಮಂದಿಯ ಕಿವಿಗೆ ಅದು 'ಆ ಸಾಬ್' ಎಂದೇ ಬಿತ್ತು. ಮೊದಲ ವಾರದಲ್ಲೇ ಒಬ್ಬ ಮುದುಕಿ ತನ್ನ ಮಗನನ್ನು ಕರೆತಂದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಪರಾಸಿಯ ಕಡೆ ತಿರುಗಿ ಕೇಳಿದಳು: "ಈ ಸಾಬ್ರು ಬ್ಯಾಡೋ ಯಪ್ಪಾ. ನಮಗ ಆ ಸಾಬ್ರೇ ಬೇಕು. ಅವರು ಯಾವಾಗ ಬರ್ತಾರ?"

ಅವತ್ತಿನಿಂದ ನಮ್ಮದು ಆ ಸಾಬರ ವಾರ್ಡು.

೧. ಒದೆ

ಮೊಣಕಾಲ ಚಿಪ್ಪಿನ ಕೆಳಗೆ ರಬ್ಬರಿನ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಕಾಲು ತನ್ನಷ್ಟಕ್ಕೆ ತಾನೇ ಮುಂದಕ್ಕೆ ಚಿಮ್ಮಬೇಕು. ಚಿಮ್ಮಿದರೆ ಆ ದಾರಿಯ ನರ ನೆಟ್ಟಗಿದೆ ಎಂದು ಅರ್ಥ. ನಮ್ಮ ವಿದ್ಯೆಯಲ್ಲಿ ಇದು ಮೊದಲ ಪಾಠ.

ಆ ಸುತ್ತಿಗೆ ಹಿಡಿದು ನಾನು ಮೊದಲು ಕೂತದ್ದು ಒಬ್ಬ ದಫೇದಾರರ ಎದುರು. ಕುದುರೆ ಪಡೆಯಲ್ಲಿ ಇದ್ದವರು. ಮೀಸೆ ಬೆಳ್ಳಗಾಗಿತ್ತು, ಬೆನ್ನು ಮಾತ್ರ ಇನ್ನೂ ಬಾಗಿರಲಿಲ್ಲ. ಪಾದ ಜುಮುಜುಮು ಅನ್ನುತ್ತದೆ ಎಂದು ಬಂದಿದ್ದರು. ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಡಲು ಹೇಳಿ ಬಡಿದೆ. ಕಾಲು ಚಿಮ್ಮಿತು. ಚಿಮ್ಮಿ ಸೀದಾ ನನ್ನ ಕಾಲಿನ ಎಲುಬಿಗೇ ಬಡಿಯಿತು.

ದಫೇದಾರರು ಕೆಂಡ ತುಳಿದವರಂತೆ ಎದ್ದು ನಿಂತು ಸಲಾಂ ಹೊಡೆದರು. "ಮಾಫ್ ಮಾಡ್ರಿ ಸಾಹೇಬ್ರ! ಇಷ್ಟ್ ವರ್ಷ ನೌಕರಿ ಮಾಡೀನಿ, ಒಬ್ಬ ಆಫೀಸರಿಗೂ ಕಾಲ ತಾಕಿಸಿದಾವ ಅಲ್ಲ ನಾ."

"ಅದರಾಗ ನಿಮ್ಮ ತಪ್ಪೇನಿಲ್ಲ, ಕೂಡ್ರಿ" ಎಂದೆ. ಇನ್ನೊಂದು ಕಾಲಿಗೆ ಬಡಿದೆ. ಅಲ್ಲಾಡಲಿಲ್ಲ. ಮತ್ತೆ ಬಡಿದೆ. ಕಂಬಕ್ಕೆ ಬಡಿದ ಹಾಗಾಯಿತು. ನನಗೆ ಗಾಬರಿಯಾಗಿ ಮುಖ ನೋಡಿದರೆ, ದಫೇದಾರರು ಹಲ್ಲು ಕಚ್ಚಿ, ತೊಡೆಯನ್ನು ಎರಡೂ ಕೈಯಿಂದ ಒತ್ತಿಹಿಡಿದು ಬೆವರುತ್ತಿದ್ದಾರೆ. "ಬಿಡಂಗಿಲ್ರಿ ಸಾಹೇಬ್ರ. ಎಷ್ಟ್ ಬಡೀತೀರಿ ಬಡೀರಿ. ಇನ್ನೊಮ್ಮೆ ಬೇಅದಬಿ ಆಗಂಗಿಲ್ಲ."

ಇದು ಅಗೌರವ ಅಲ್ಲ, ಕಾಲು ಒದೆಯಲೇಬೇಕು, ಒದ್ದರೇನೇ ನಿಮ್ಮ ನರ ಚಲೋ ಇದೆ ಎಂದು ನನಗೆ ತಿಳಿಯುವುದು ಎಂದು ಬಿಡಿಸಿ ಹೇಳಬೇಕಾಯಿತು. ಆಮೇಲೆ ಕೈ ಸಡಿಲ ಬಿಟ್ಟರು. ಕಾಲು ಚಿಮ್ಮಿತು. ನಾನು ಈ ಸಲ ಪಕ್ಕಕ್ಕೆ ಸರಿದಿದ್ದೆ.

ದಫೇದಾರರು ತಮ್ಮ ಕಾಲನ್ನು ಸ್ವಲ್ಪ ಹೊತ್ತು ನೋಡುತ್ತ ಕೂತರು. ಆಮೇಲೆ ನಿಟ್ಟುಸಿರು ಬಿಟ್ಟು ಅಂದರು: "ಆಫೀಸರಿಗೆ ಒದಿಯೋದು ತಬಿಯತ್ತಿಗೆ ಚಲೋ ಅಂತ ಮೊದಲೇ ಯಾರರೆ ಹೇಳಿದ್ರ, ಸಾಹೇಬ್ರ, ನಾ ಫೌಜಿನಾಗೇ ಗುಣ ಆಗಿರ್ತಿದ್ದೆ."

೨. ಇಲ್ಲದ ಕಾಲು

ಮಹಾಗಾಂವದ ಒಬ್ಬ ಸಿಪಾಯಿ ಬಲಗಾಲನ್ನು ಯುದ್ಧಭೂಮಿಯಲ್ಲಿ ಬಿಟ್ಟು ಬಂದಿದ್ದ. ಮೊಣಕಾಲಿನ ಮೇಲಕ್ಕೇ ಕತ್ತರಿಸಿದ್ದರು. ಗಾಯ ಎಂದೋ ಮಾಗಿತ್ತು. ಆದರೆ ಆ ಇಲ್ಲದ ಪಾದ ಅವನಿಗೆ ನೋಯುತ್ತಿತ್ತು, ತುರಿಸುತ್ತಿತ್ತು, ಚಳಿಗಾಲದಲ್ಲಿ ಸೆಟೆದುಕೊಳ್ಳುತ್ತಿತ್ತು. ಇದನ್ನು ಹೇಳಿದರೆ ತಲೆ ಕೆಟ್ಟಿದೆ ಅಂದಾರು ಎಂದು ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಂಡಿದ್ದ. ಕೊನೆಗೆ ಒಂದು ಬೆಳಗ್ಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದ. ಹೇಳುವಾಗ ಕಣ್ಣು ತುಂಬಿತ್ತು.

"ಹುಚ್ಚಲ್ಲಪ್ಪ ಇದು" ಎಂದೆ. "ಕಾಲು ಹೋಗಿದ್ದು ಮಿದುಳಿಗೆ ಇನ್ನೂ ಗೊತ್ತಾಗಿಲ್ಲ. ಉಳಿದ ನರ ಖಬರ್ ಕಳಿಸ್ಲಕತ್ತದ. ಭಾಳ ಮಂದಿಗೆ ಹಿಂಗ ಆಗ್ತದ."

ಅವನಿಗೆ ಅರ್ಧ ನೋವು ಅಲ್ಲೇ ಇಳಿದಂತೆ ಕಂಡಿತು. ಪಕ್ಕದ ಮಂಚದಲ್ಲಿದ್ದವನ ಸಮಸ್ಯೆ ಇದಕ್ಕೆ ಪೂರಾ ಉಲ್ಟಾ. ಕಾಲು ಗಟ್ಟಿಮುಟ್ಟಾಗಿತ್ತು, ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಅವನು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು ಕೊರಗಿದ: "ನೋಡ್ರಿ ನನ್ನ ನಸೀಬ. ಆ ಮಗಗ ಇಲ್ಲದ ಕಾಲು ತಿಳೀತದ, ನನಗ ಇದ್ದ ಕಾಲು ತಿಳಿಯಂಗಿಲ್ಲ."

ಆ ವಾರ ಸಿಪಾಯಿಯ ಹೆಂಡತಿ ಮಹಾಗಾಂವದಿಂದ ಗಾಡಿಯಲ್ಲಿ ಬಂದಳು. ಗಂಡ ನಾಚಿಕೊಂಡು ವಿಷಯ ಹೇಳಿದ. ನಗುತ್ತಾಳೋ ಅಳುತ್ತಾಳೋ ಎಂದು ನಾನು ನೋಡುತ್ತಿದ್ದೆ. ಅವಳು ಎರಡೂ ಮಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮಂಚದ ತುದಿಗೆ ಕೂತು, "ಎಲ್ಲಿ? ಹಿಮ್ಮಡದಾಗೋ, ಬೆರಳಿನಾಗೋ?" ಎಂದಳು. "ಹಿಮ್ಮಡದಾಗ" ಎಂದ ಅವನು. ಪಾದ ಇರಬೇಕಾಗಿದ್ದ ಜಾಗದಲ್ಲಿ ಅವಳು ಹಾಸಿಗೆಯನ್ನು ಎರಡೂ ಕೈಯಿಂದ ಒತ್ತತೊಡಗಿದಳು. ಸ್ವಲ್ಪ ಹೊತ್ತಿಗೆ ಅವನ ಹುಬ್ಬಿನ ಗಂಟು ಬಿಟ್ಟಿತು, ಅವಳಿಗೆ ಮೆಲ್ಲಗೆ ಏನೋ ಅಂದ. ಇನ್ನೂ ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಯಾವ ಪುಸ್ತಕದಲ್ಲೂ ನಾನು ಈ ಚಿಕಿತ್ಸೆ ಓದಿರಲಿಲ್ಲ.

ಹೊರಗೆ ಬಂದಾಗ ಅವಳು ನನ್ನ ಹತ್ತಿರ ಮೆಲ್ಲಗೆ ಅಂದಳು: "ಲಗ್ನ ಆದಾಗಿಂದ ದಿನಾ ಆ ಕಾಲು ಒತ್ತೀನ್ರಿ ಸಾಹೇಬ್ರ. ಒಂದಿನಾನೂ ಸಾಕು ಅಂದಾವಲ್ಲ. ಇವತ್ತ ಕಾಲೇ ಇಲ್ಲ, 'ಸಾಕು ಬಿಡು, ನಿನ್ನ ಕೈ ನೋಯ್ತಾವ' ಅಂದ!"

೩. ಗದ್ದ

ಪಲ್ಟನ್ನಿನಲ್ಲಿ ಹಜಾಮನಾಗಿದ್ದವನೊಬ್ಬ ಬಂದ. ಎರಡೂ ಕೈ ಎಲೆಯಂತೆ ನಡುಗುತ್ತಿದ್ದವು. ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದಾಗಲೇ ಹೆಚ್ಚು ನಡುಕ. ಅದನ್ನು ನೋಡಿದವರಾರೂ ಅವನ ಮುಂದೆ ಕೂರುತ್ತಿರಲಿಲ್ಲ. ಜನ ಎದ್ದು ಹೋದದ್ದನ್ನು ಹೇಳುವಾಗ ಅವನ ದನಿಯೂ ನಡುಗಿತು. "ಕತ್ತಿ ಹಿಡದ್ರ ನಡಗಂಗಿಲ್ರಿ. ಖರೇ ಹೇಳ್ತೀನಿ. ಆದ್ರ ಕತ್ತಿ ಹಿಡಿಯೋತನ ಯಾರೂ ಕೂಡಂಗಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಈ ರೋಗದ ಲಕ್ಷಣವೇ ಅದು. ಕೈ ಸುಮ್ಮನಿದ್ದಾಗ ನಡುಗುತ್ತದೆ, ಕೆಲಸಕ್ಕೆ ಹಚ್ಚಿದರೆ ನಿಲ್ಲುತ್ತದೆ. ನಾನು ಇದನ್ನು ವಾರ್ಡಿನವರಿಗೆಲ್ಲ ಕೇಳುವಂತೆ ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. "ಹಂಗಾದ್ರ ಯಾರು ಕೂಡ್ತೀರಿ?" ಎಂದು ಕೇಳಿದೆ. ಎಲ್ಲರೂ ತಮ್ಮ ತಮ್ಮ ಗಡ್ಡ ಮುಟ್ಟಿ ನೋಡಿಕೊಂಡು ಇನ್ನೂ ಬೆಳೆದಿಲ್ಲ ಎಂದರು. ತೋಪಿನ ಎದುರು ನಿಂತು ಬಂದವರು ಇವರೆಲ್ಲ.

ಆಗ ನಮ್ಮ ಕಂಪೌಂಡರ್, "ಸಾಹೇಬ್ರ ಗದ್ದ ಇವತ್ತ ಸ್ವಲ್ಪ ಖರಖರ ಕಾಣ್ತದ" ಎಂದ. ಆ ಮಾತಿಗೆ ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹಿಂದೆ ಸರಿಯುವಂತಿರಲಿಲ್ಲ. ಹಜಾಮ ನನ್ನನ್ನೇ ನೋಡುತ್ತಿದ್ದ. ನಾನೂ ಎದ್ದು ಹೋದರೆ ಅವನು ಮತ್ತೆ ಕತ್ತಿ ಹಿಡಿಯುವುದಿಲ್ಲ ಎಂದು ಗೊತ್ತಾಯಿತು. ಕುರ್ಚಿ ಹಾಕಿಸಿ ಕೂತೆ. ಅವನು ಸಾಬೂನಿನ ನೊರೆ ಕಲಸತೊಡಗುವವರೆಗೂ ಕೈಯಲ್ಲಿದ್ದ ಬಟ್ಟಲು ಕಟಕಟ ಅಂತು. ಕತ್ತಿ ಚರ್ಮದ ಪಟ್ಟಿಯ ಮೇಲೆ ಉಜ್ಜಿದ. ಗಂಟಲ ಹತ್ತಿರ ತಂದ. ನಾನು ಕಣ್ಣು ಮುಚ್ಚಿ ನನ್ನ ಗುರುಗಳನ್ನೆಲ್ಲ ನೆನೆದೆ. ವಾರ್ಡಿನಲ್ಲಿ ಯಾರೋ ದೇವರನ್ನು ನೆನೆದದ್ದು ಕೇಳಿಸಿತು.

ಮುಗಿದಾಗ ಮುಟ್ಟಿ ನೋಡಿಕೊಂಡೆ. ಬೆಣ್ಣೆ! ಒಂದು ಗೀರಿಲ್ಲ. ಚಪ್ಪಾಳೆ ಬಿತ್ತು. ಗಡ್ಡ ಬೆಳೆದಿಲ್ಲ ಎಂದವರೆಲ್ಲ ಸಾಲಾಗಿ ನಿಂತರು. ಹಜಾಮ ಕತ್ತಿ ಒರೆಸುತ್ತ ನನ್ನನ್ನು ಕನಿಕರದಿಂದ ನೋಡಿ ಕೇಳಿದ: "ನನ್ನ ಕೈ ನಡಗಲಿಲ್ರಿ ಸಾಹೇಬ್ರ. ಆದ್ರ ನಿಮ್ಮ ಗದ್ದ ಯಾಕ ಅಷ್ಟ್ ನಡಗ್ಲಕತ್ತಿತ್ತು? ನಿಮಗೂ ಇದೇ ಬ್ಯಾನಿ ಅದನು?"

೪. ಒಂದೇ ಮಾತಿನ ಹವಾಲ್ದಾರ

ಒಬ್ಬ ಹವಾಲ್ದಾರರಿಗೆ ಪಾರ್ಶ್ವವಾಯು ಬಡಿದು ಬಲಗೈಯ ಜೊತೆ ಮಾತೂ ಹೋಗಿತ್ತು. ಒಂದು ಮಾತು ಮಾತ್ರ ಉಳಿದಿತ್ತು. ಯೋಚಿಸಿ ಆಡುವ ಮಾತೆಲ್ಲ ಅಳಿಸಿಹೋಗಿ, ಯೋಚಿಸದೆ ಬಾಯಿಗೆ ಬರುವ ಬೈಗುಳವಷ್ಟೇ ಉಳಿಯುವುದು ಈ ರೋಗದಲ್ಲಿ ಉಂಟು. ಹವಾಲ್ದಾರರಲ್ಲಿ ಉಳಿದ ಬೈಗುಳವನ್ನು ಇಲ್ಲಿ ಬರೆಯಲಾರೆ. ಎದುರಿನವರ ತಾಯಿಗೆ ಸಂಬಂಧಪಟ್ಟದ್ದು ಎಂದಷ್ಟು ತಿಳಿದರೆ ಸಾಕು.

ಮನುಷ್ಯ ಮಾತ್ರ ತುಂಬ ಸಭ್ಯ. ಬೆಳಗ್ಗೆ ನನ್ನನ್ನು ಕಂಡರೆ ಎಡಗೈ ಎದೆಗಿಟ್ಟು, ನಗುತ್ತ, ಅತ್ಯಂತ ಪ್ರೀತಿಯಿಂದ ಅದನ್ನು ಹೇಳುತ್ತಿದ್ದರು. ನೀರು ಬೇಕಾದರೆ ಅದನ್ನೇ ಮೆಲ್ಲಗೆ, ನೋವಾದರೆ ಅದನ್ನೇ ಎಳೆದು. ನಮಗೆಲ್ಲ ಅವರ ರಾಗ ರೂಢಿಯಾಗಿತ್ತು. ಕಂಪೌಂಡರಂತೂ "ಇವತ್ತ ಹವಾಲ್ದಾರರು ನನಗ ಅನ್ನಲೇ ಇಲ್ಲ, ಸಿಟ್ಟಾಗ್ಯಾರೇನೋ" ಎಂದು ಬೇಸರ ಮಾಡಿಕೊಳ್ಳುತ್ತಿದ್ದ.

ಹೀಗಿರುವಾಗ ಹೈದರಾಬಾದಿನಿಂದ ದೊಡ್ಡ ಅಧಿಕಾರಿಯೊಬ್ಬರು ದವಾಖಾನೆ ನೋಡಲು ಬಂದು ನಿಜಾಮರ ಅತಿಥಿಗೃಹವಾದ ಐವಾನ್-ಎ-ಶಾಹಿಯಲ್ಲಿ ಇಳಿದರು. ಹವಾಲ್ದಾರರನ್ನು ಮಹಡಿಗೆ ಕಳಿಸಿ ಬಚ್ಚಿಡೋಣ ಎಂದು ಕೆಲವರು ಸಲಹೆ ಕೊಟ್ಟರು. ನನಗೆ ಮನಸ್ಸು ಬರಲಿಲ್ಲ. ಬಾಗಿಲಲ್ಲೇ ಅಧಿಕಾರಿಗೆ ಎಲ್ಲ ತಿಳಿಸಿ, "ಅವರು ಏನೇ ಅಂದರೂ ಅದು ಸಲಾಂ ಎಂದು ತಿಳಿಯಬೇಕು" ಎಂದು ಕೇಳಿಕೊಂಡೆ. ದೊಡ್ಡ ಮನುಷ್ಯರು. "ಬೇಶಕ್, ಖಂಡಿತ" ಎಂದರು.

ಹವಾಲ್ದಾರರು ಅವರನ್ನು ಕಂಡು ಎಡಗೈ ಎದೆಗಿಟ್ಟು, ತಲೆಬಾಗಿ, ಅಂದರು. ಅಧಿಕಾರಿಯೂ ತಲೆಬಾಗಿ "ವಾಲೈಕುಂ ಸಲಾಂ" ಎಂದರು. ನಾನು ಉಸಿರು ಬಿಟ್ಟೆ. ಅಷ್ಟಕ್ಕೇ ಮುಂದೆ ಹೋಗಬಹುದಿತ್ತು. ಅವರು ಪ್ರೀತಿಯಿಂದ, "ಮಿಯಾಂ, ಇಲ್ಲಿ ಖಾನಾ ಹೇಗಿದೆ?" ಎಂದು ಕೇಳಿಬಿಟ್ಟರು.

ಹವಾಲ್ದಾರರ ಮುಖ ಕೆಂಪಾಯಿತು. ಎದೆಯ ಮೇಲಿನ ಕೈ ಕೆಳಗೆ ಬಂತು. ಅಡುಗೆಮನೆಯಲ್ಲಿದ್ದ ಬಾವರ್ಚಿಯ ಕಡೆ ತಿರುಗಿ, ಗೋಡೆ ಅದುರುವಂತೆ ಅಂದರು.

ಅಧಿಕಾರಿ ಹೊರಗೆ ಬಂದು ಟಾಂಗಾ ಹತ್ತುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಡಾಕ್ಟರ್ ಸಾಬ್, ಮೊದಲನೇದ್ದು ಸಲಾಂ, ಒಪ್ಪಿದೆ. ಎರಡನೇದ್ದು ರೋಗ ಅಲ್ಲ. ಬಾವರ್ಚಿಯನ್ನು ಬದಲಿಸಿ."

೫. ಕಮಲಾಪುರದ ಚಿಕಿತ್ಸೆ

ದವಾಖಾನೆಗೆ ಬರಲಾಗದ ಫೌಜಿನವರನ್ನು ನೋಡಲು ನಾವೇ ಆಗಾಗ ಊರೂರಿಗೆ ಹೋಗುತ್ತಿದ್ದೆವು. ಕಮಲಾಪುರಕ್ಕೆ ಹೋದಾಗ ಚಾವಡಿಯ ಮುಂದೆ ನೋಡಿದರೆ ಫೌಜಿಗೂ ತಮಗೂ ಸಂಬಂಧವೇ ಇಲ್ಲದ ಅರ್ಧ ಊರು ಸೇರಿತ್ತು. ಮೊದಲು ಒಬ್ಬ ಹಳೆಯ ಸವಾರನನ್ನು ಕರೆದೆ. ಅವನಿಗೆ ನಡೆಯುವಾಗ ಜೋಲಿ ಹೋಗುತ್ತಿತ್ತು. ಇದಕ್ಕೊಂದು ಪರೀಕ್ಷೆಯಿದೆ. ಎರಡೂ ಪಾದ ಜೋಡಿಸಿ, ಕೈ ಮುಂದೆ ಚಾಚಿ, ಕಣ್ಣು ಮುಚ್ಚಿ ನಿಲ್ಲಬೇಕು. ಬೀಳುತ್ತಾರೋ ಇಲ್ಲವೋ ಎಂದು ನಾವು ನೋಡಬೇಕು.

ಅವನು ನಿಂತ. ಬೀಳಲಿಲ್ಲ. ನನಗೆ ಸಂತೋಷವಾಯಿತು. ಅಷ್ಟರಲ್ಲಿ ಊರ ಪಾಟೀಲರು ಬಂದು, "ಮೊದಲ ಹಾಲು ಹಣ್ಣು ತಗೋರಿ, ಆಮ್ಯಾಲ ಕೆಲಸ" ಎಂದು ಕೈ ಹಿಡಿದು ಎಳೆದುಕೊಂಡು ಹೋದರು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬೇಡ ಎನ್ನುವ ಶಕ್ತಿ ನನಗಿರಲಿಲ್ಲ. ಪಾಟೀಲರು ತಮ್ಮ ಸೊಂಟನೋವಿನ ಕಥೆಯನ್ನು ಹುಟ್ಟಿದಾಗಿನಿಂದ ಹೇಳಿದರು.

ಹಿಂತಿರುಗಿ ಬಂದರೆ ಚಾವಡಿಯ ಮುಂದೆ ಒಂದು ಸದ್ದಿಲ್ಲ. ಸವಾರ ಬಿಟ್ಟಲ್ಲೇ, ಕಣ್ಣು ಮುಚ್ಚಿ, ಕೈ ಚಾಚಿ ನಿಂತಿದ್ದ. ತೆರೆಯಿರಿ ಎಂದು ನಾನು ಹೇಳಿರಲಿಲ್ಲವಲ್ಲ! ಹುಕುಂ ಇಲ್ಲದೆ ಕದಲುವ ಆಸಾಮಿ ಅಲ್ಲ ಅವನು. ಅದಾದರೂ ಇರಲಿ. ಅವನ ಹಿಂದೆ ಗಂಡಸರು, ಹೆಂಗಸರು, ಕಮ್ಮಾರ, ಬಳೆಗಾರ, ಸಾಲು ಸಾಲಾಗಿ ಇಡೀ ಮಂದಿ ಪಾದ ಜೋಡಿಸಿ, ಕೈ ಚಾಚಿ, ಕಣ್ಣು ಮುಚ್ಚಿ ನಿಂತಿದ್ದರು. ಇದೇ ದವಾ ಎಂದು ತಿಳಿದಿದ್ದರು. ನಮ್ಮ ಗಾಡಿಯವನೂ ಸಾಲಿನಲ್ಲಿದ್ದ. ಪಾಟೀಲರು ನನಗಾಗಿ ಗಾಡಿಯಲ್ಲಿ ಇಡಿಸಿದ್ದ ಬಾಳೆಗೊನೆಯನ್ನು ಒಂದು ಆಡು ಯಾರ ಅಡ್ಡಿಯೂ ಇಲ್ಲದೆ ತಿನ್ನುತ್ತಿತ್ತು.

"ಕಣ್ಣು ತೆರೀರಿ!" ಎಂದು ಕೂಗಿದೆ. ಎಲ್ಲರೂ ತೆರೆದರು. ಮುಂದಿದ್ದ ಅಜ್ಜಿಯೊಬ್ಬಳು ಮಾತ್ರ ತೆರೆಯದೆ, ಕೈ ಚಾಚಿದ ಹಾಗೇ ಕೇಳಿದಳು: "ಮೊಣಕಾಲ ನೋವು ಹೋಗ್ಯಾದ ನನ್ನಪ್ಪಾ. ಇನ್ನೊಂದೀಟ್ ನಿಂತ್ರ ಹಲ್ಲೂ ಬರ್ತಾವನು?"

೬. ಸತ್ತ ಕಾಯಿ

ಶರಣಸಿರಸಗಿಯ ಒಬ್ಬ ತರುಣ ಸಿಪಾಯಿ ಯುದ್ಧದಿಂದ ಮೂಕನಾಗಿ ಬಂದಿದ್ದ. ಪಕ್ಕದಲ್ಲೇ ತೋಪಿನ ಗುಂಡು ಸಿಡಿದು ಜೊತೆಗಾರರು ಸತ್ತರಂತೆ. ಇವನ ಮೈಮೇಲೆ ಒಂದು ಗೀರೂ ಇಲ್ಲ, ಮಾತು ಮಾತ್ರ ನಿಂತುಹೋಯಿತು. ಗಂಟಲು, ನಾಲಿಗೆ, ಕಿವಿ ಎಲ್ಲ ನೋಡಿದೆ. ಎಲ್ಲ ನೆಟ್ಟಗಿತ್ತು. ಹೆದರಿಕೆ ಬೀಗ ಹಾಕಿತ್ತು. ಆ ಬೀಗಕ್ಕೆ ನನ್ನ ಹತ್ತಿರ ಕೀಲಿಕೈ ಇರಲಿಲ್ಲ. ಮೇಲಿನವರು ಅವನನ್ನು ಹುಚ್ಚರ ದವಾಖಾನೆಗೆ ಸಾಗಿಸಿ ಎನ್ನುತ್ತಿದ್ದರು. ನಾನು ಇನ್ನೊಂದಿಷ್ಟು ದಿನ, ಇನ್ನೊಂದಿಷ್ಟು ದಿನ ಎಂದು ತಳ್ಳುತ್ತಿದ್ದೆ.

ಅವನ ತಾಯಿ ಸಂತೆಯ ದಿನ ಶರಣಸಿರಸಗಿಯಿಂದ ನಡೆದು ಬರುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ ಬಿಚ್ಚಿಟ್ಟು, ಅವನ ಗದ್ದ ಹಿಡಿದು, "ಒಮ್ಮೆ ಅವ್ವಾ ಅನ್ನೋ ನನ್ನಪ್ಪಾ, ಒಂದೇ ಸಲ" ಎನ್ನುತ್ತಿದ್ದಳು. ಅವನ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಇಬ್ಬರೂ ಅಳುತ್ತಿದ್ದರು. ಆ ಹೊತ್ತಿಗೆ ನಾನು ಬೇಕೆಂದೇ ಬೇರೆ ಮಂಚದ ಕಡೆ ಹೋಗುತ್ತಿದ್ದೆ.

ಅದೇ ವಾರ್ಡಿನಲ್ಲಿ ಕುದುರೆ ಪಡೆಯಿಂದ ಎಂದೋ ನಿವೃತ್ತರಾದ ಒಬ್ಬ ರಿಸಾಲದಾರರಿದ್ದರು. ಎಂಬತ್ತರ ಹತ್ತಿರದ, ಗಂಭೀರ ಗಡ್ಡದ ಮುದುಕರು. ನಮಾಜು ತಪ್ಪಿಸಿದವರಲ್ಲ, ಸುಳ್ಳಾಡಿದವರಲ್ಲ. ಆದರೆ ಪಗಡೆಯಾಟಕ್ಕೆ ಕೂತರೆ ಶುದ್ಧ ಕಳ್ಳ. ಹೊಡೆತ ತಿಂದು ಸತ್ತ ಕಾಯಿಯನ್ನು ಅಂಗಿಯ ತೋಳಿನಲ್ಲಿ ಮುಚ್ಚಿ, ಕೆಮ್ಮುವ ನೆಪದಲ್ಲಿ ಮತ್ತೆ ಪಗಡೆಯ ಹಾಸಿನ ಮೇಲೆ ಇಡುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ವಯಸ್ಸಿಗೆ ಬೆಲೆ ಕೊಟ್ಟು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮ ಮೂಕ ಸಿಪಾಯಿ ದಿನವೂ ಪಕ್ಕದಲ್ಲಿ ಕೂತು ಆಟ ನೋಡುತ್ತಿದ್ದ. ಕಳ್ಳತನ ಆದಾಗಲೆಲ್ಲ ಅವನ ಮೂಗಿನ ಹೊಳ್ಳೆ ಅರಳುತ್ತಿದ್ದವು.

ಒಂದು ಸಂತೆಯ ದಿನ ಬೆಳಗ್ಗೆ ನಾನು ವಾರ್ಡಿನಲ್ಲಿದ್ದೆ. ರಿಸಾಲದಾರರು ಕೆಮ್ಮಿದರು. ಕಾಯಿ ತೋಳಿನಿಂದ ಜಾರಿ ಹಾಸಿನ ಮೇಲೆ ಬಂತು. ಅಷ್ಟರಲ್ಲಿ ಯಾರೂ ಕೇಳಿರದ ಒಂದು ದನಿ, ತುಕ್ಕು ಹಿಡಿದ ಬಾಗಿಲು ತೆರೆದಂತೆ, ಕಿರುಚಿತು:

"ಅದು ಸತ್ತದ!"

ಕಂಪೌಂಡರನ ಕೈಯಿಂದ ಸೀಸೆ ಬಿತ್ತು. ಎಲ್ಲರೂ ತಿರುಗಿ ನೋಡಿದರೆ ಸಿಪಾಯಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದ. ನಾನು ಓಡಿ ಹೋಗಿ ಅವನ ಹೆಗಲು ಹಿಡಿದೆ. "ಇನ್ನೊಮ್ಮೆ ಅನ್ನಪ್ಪ. ಏನರೆ ಅನ್ನು." ತುಟಿ ಅಲುಗಿದವು. ದನಿ ಇಲ್ಲ. ನೀರು ಕೊಟ್ಟೆವು, ಬೆನ್ನು ಸವರಿದೆವು. ಇಲ್ಲ. ಬಂದದ್ದು ಮತ್ತೆ ಒಳಗೆ ಹೋಗಿಬಿಟ್ಟಿತ್ತು.

ಆಗಲೇ ಬಾಗಿಲಲ್ಲಿ ತಾಯಿ ಕಾಣಿಸಿದಳು. ಅಂಗಳದಲ್ಲೇ ಚಪರಾಸಿ ಸುದ್ದಿ ಹೇಳಿದ್ದನಂತೆ. ಬುತ್ತಿಯ ಗಂಟು ಅಲ್ಲೇ ಬಿಟ್ಟು, ಏದುಸಿರು ಬಿಡುತ್ತ ಬಂದು ಮಗನ ಮುಂದೆ ನಿಂತಳು. ಕೇಳಲಿಲ್ಲ, ಬೇಡಲಿಲ್ಲ, ಸುಮ್ಮನೆ ಅವನ ಬಾಯಿಯನ್ನೇ ನೋಡಿದಳು. ಅವನು ಬಾಯಿ ತೆರೆದ. ಕುತ್ತಿಗೆಯ ನರ ಉಬ್ಬಿದವು. ಕಣ್ಣಲ್ಲಿ ನೀರು ಬಂತು. ಮಾತು ಬರಲಿಲ್ಲ. ವಾರ್ಡಿನ ಗಂಡಸರೆಲ್ಲ ನೆಲ ನೋಡತೊಡಗಿದರು.

ರಿಸಾಲದಾರರು ಒಮ್ಮೆ ತಾಯಿಯನ್ನು ನೋಡಿದರು, ಒಮ್ಮೆ ಮಗನನ್ನು ನೋಡಿದರು. ಆಮೇಲೆ ನಿಧಾನವಾಗಿ, ಎಲ್ಲರಿಗೂ ಕಾಣುವಂತೆ, ಕೆಮ್ಮುವ ಗೋಜಿಗೂ ಹೋಗದೆ, ಇನ್ನೊಂದು ಸತ್ತ ಕಾಯಿಯನ್ನು ಎತ್ತಿ ಹಾಸಿನ ಮೇಲೆ, ಅದೂ ಗೆಲ್ಲುವ ಮನೆಯಲ್ಲೇ, ಟಪ್ ಎಂದು ಇಟ್ಟರು.

"ಏ! ಅವ್ವಾ, ನೋಡಬೇ!" ಎಂದು ಸಿಪಾಯಿ ಸಿಡಿದೆದ್ದ. "ಈ ಮುದಿ ಕಳ್ಳ ಮತ್ತ ಸತ್ತ ಕಾಯಿ ಇಡ್ಲಕತ್ತಾನ! ದಿನಾ ಹಿಂಗೇ ಮಾಡ್ತಾನಬೇ ಇವ! ಯಾರೂ ಕೇಳಂಗಿಲ್ಲ! ಹಗಲುಗಳ್ಳ! ಲಫಂಗ!"

ಒಳಗೆ ತುಂಬಿಕೊಂಡಿದ್ದೆಲ್ಲ ಕಟ್ಟೆ ಒಡೆದು ಬರುತ್ತಿತ್ತು. ರಿಸಾಲದಾರರು ಒಂದೊಂದು ಬೈಗುಳಕ್ಕೂ ಗಡ್ಡ ನೀವಿಕೊಳ್ಳುತ್ತ, "ಶಾಬಾಶ್ ಬೇಟಾ, ಔರ್ ಬೋಲ್" ಎನ್ನುತ್ತಿದ್ದರು. ಕಂಪೌಂಡರ್ ಅಳುತ್ತಿದ್ದ. ನನಗೂ ಕನ್ನಡಕ ಒರೆಸಿಕೊಳ್ಳದೆ ಏನೂ ಕಾಣುತ್ತಿರಲಿಲ್ಲ.

ತಾಯಿ ಮಾತ್ರ ಮಗನನ್ನೂ, ಬೆಳ್ಳಿ ಗಡ್ಡದ ಆ ಹಿರಿಯರನ್ನೂ ನೋಡಿ ಗಾಬರಿಯಾದಳು. ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಹಾಗೆ ಅಳುತ್ತಲೇ ಮಗನ ತಲೆಗೆ ಫಟ್ಟನೆ ಒಂದು ಏಟು ಹಾಕಿದಳು.

"ಹಿರ್ಯಾರಿಗೆ ಹಿಂಗ ಅಂತಾರೇನೋ ಭಾಡ್ಯಾ? ಮುಚ್ಚು ಬಾಯಿ!"